ಟೀಚರಮ್ಮನ ಉಲ್ಟಾ ಪಂಪು

ಲೇಡೀಸ್ ಟೈಲರ್ ಅಂಗಡಿಗೆ ಹೆಂಗಸರು ಬರುವುದು ಬರೀ ರವಿಕೆ ಹೊಲಿಸುವುದಕ್ಕೆ ಅಂತ ನೀವು ತಿಳಿದುಕೊಂಡಿದ್ದರೆ, ಅಂಥ ಅಂಗಡಿಯಲ್ಲಿ ನೀವು ಅರ್ಧ ದಿನವೂ ಕೂತಿಲ್ಲ. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷ ಮಿಷನ್ ತುಳಿದವಳು ನಾನು. ಅಳತೆ ತೆಗೆಯಲು ಪರದೆ ಎಳೆದರೆ ಸಾಕು, ಗಂಡನ ಹತ್ತಿರ, ಡಾಕ್ಟರ ಹತ್ತಿರ ಹೇಳದ್ದನ್ನೆಲ್ಲ ನನ್ನ ಹತ್ತಿರ ಹೇಳುತ್ತಿದ್ದರು. ಕೈಯಲ್ಲಿ ಟೇಪು ಹಿಡಿದವಳ ಮುಂದೆ ಮುಚ್ಚಿಡೋಕೆ ಏನಿರುತ್ತೆ?

ಇದು ಅವರಲ್ಲಿ ಒಬ್ಬರ ಸಂಗತಿ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಈಗ ರಿಟೈರ್ ಆಗಿದ್ದಾರೆ. "ಬರೀರಿ ಅಕ್ಕ, ನನ್ನ ಹೆಸರೊಂದು ಬಿಟ್ಟು ಏನು ಬೇಕಾದರೂ ಬರೀರಿ" ಅಂತ ಅವರೇ ಅಪ್ಪಣೆ ಕೊಟ್ಟಿದ್ದಾರೆ.

ಕರ್ಚೀಫು

ಆಗ ಟೀಚರಿಗೆ ಇಪ್ಪತ್ತೆಂಟಿರಬೇಕು. ಮದುವೆಯಾಗಿ ಎರಡು ವರ್ಷ. ಎತ್ತರದ ಹೆಣ್ಣು, ಕಡ್ಡಿ ಮೈ. ಒಳ್ಳೆಯ ಕಣ್ಣು, ಒಳ್ಳೆಯ ಮಾತು. ಎದೆ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನನಗೇನೂ ತೊಂದರೆ ಇರಲಿಲ್ಲ. ಅಂಥ ಮೈಗೆ ರವಿಕೆ ಹೊಲಿಯುವುದು ಬಲು ಸಲೀಸು.

ಒಂದು ಸಲ ನಾದಿನಿಯನ್ನು ಜೊತೆಗೆ ಕರೆದುಕೊಂಡು ಬಂದರು. ನಾದಿನಿಯನ್ನು ಕೊಟ್ಟಿದ್ದು ಮಾಗಡಿ ಕಡೆ ತಿಪ್ಪಸಂದ್ರಕ್ಕೆ. ದುಂಡು ದುಂಡಗೆ ತುಂಬಿಕೊಂಡಿದ್ದಳು, ಬಾಯಿಯೂ ಹಾಗೇ. ನಾನು ಇಬ್ಬರ ಬಟ್ಟೆಯನ್ನೂ ಅಳೆದು, ಟೀಚರಮ್ಮನ ಪೀಸಿನಲ್ಲಿ ಒಸಿ ಬಟ್ಟೆ ಉಳಿಯುತ್ತೆ ಅಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು.

"ಉಳೀದೆ ಇನ್ನೇನು. ನಮ್ಮತ್ತಿಗೆ ರವಿಕೇಲಿ ಉಳಿಯೋದ್ರಲ್ಲಿ ನಂಗೆರಡು ಕರ್ಚೀಫು ಹೊಲ್ಕೊಡಿ" ಅಂದಳು ನಾದಿನಿ.

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಟೀಚರೂ ನಕ್ಕರು, ಆದರೆ ಚೀಟಿ ತೆಗೆದುಕೊಳ್ಳುವುದನ್ನೂ ಮರೆತು ಹೊರಟುಹೋದರು. ಮಾರನೇ ದಿನ ಶಾಲೆ ಬಿಟ್ಟ ಮೇಲೆ ಒಬ್ಬರೇ ಬಂದರು. ಬ್ಯಾಗಿನಿಂದ ವಾರಪತ್ರಿಕೆಯ ಒಂದು ಹಾಳೆ ತೆಗೆದು ನನ್ನ ಮಿಷನ್ ಮೇಲಿಟ್ಟರು. ಎದೆ ಬೆಳೆಸುವ ವಿದೇಶಿ ಯಂತ್ರದ ಜಾಹೀರಾತು. ಗಾಳಿ ಎಳೆದುಕೊಂಡು ಬೆಳೆಸುತ್ತದಂತೆ. ತಿಂಗಳಲ್ಲಿ ಫಲ.

"ಇದನ್ನ ತರಿಸ್ತೀರಾ?" ಅಂತ ಕೇಳಿದೆ.

"ತರಿಸೋದ್ಯಾಕೆ ಅಕ್ಕ, ಇದರಲ್ಲಿರೋದು ಒಂಬತ್ತನೇ ಕ್ಲಾಸಿನ ಪಾಠ. ನಾನೇ ಮಾಡ್ತೀನಿ. ನೀವು ವಾರಕ್ಕೊಂದು ಸಲ ಅಳತೆ ತೆಗೆದು ಬರೆದಿಟ್ಟರೆ ಸಾಕು."

ಹೀಗೆ ಹತ್ತನೇ ಕ್ಲಾಸ್ ಫೇಲಾದ ನಾನು ವಿಜ್ಞಾನಿಯಾದೆ.

ಬಟ್ಟಲು

ಮೊದಲು ಬೇಕಾಗಿದ್ದು ಎರಡು ಬಟ್ಟಲು. ಸ್ಟೀಲ್ ಲೋಟದಲ್ಲಿ ನೋಡಿದರು, ಅಂಚು ಕೊಯ್ಯುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ನೋಡಿದರು, ಅದರ ಕಣ್ಣಿನಿಂದ ಗಾಳಿ ಸೋರುತ್ತಿತ್ತು. ಕೊನೆಗೆ ನಾನೇ ಹೇಳಿದೆ, "ಚನ್ನಪಟ್ಟಣದಲ್ಲಿದ್ದುಕೊಂಡು ಬಟ್ಟಲಿಗೆ ಒದ್ದಾಡ್ತೀರಲ್ಲ ಟೀಚರೇ, ಗೊಂಬೆಯವರ ಹತ್ರ ಹೋಗೋಣ ಬನ್ನಿ."

ನಮ್ಮ ಬೀದಿಯ ತುದಿಯಲ್ಲೇ ಮರದ ಗೊಂಬೆ ಕಡೆಯುವ ಯಜಮಾನರೊಬ್ಬರಿದ್ದರು. ಟೀಚರು ಅವರ ಮುಂದೆ ಕಾಗದದಲ್ಲಿ ಅಳತೆ ಬರೆದು ಇಟ್ಟು, ಗಾಳಿಯ ಒತ್ತಡ ತೋರಿಸೋ ಪ್ರಯೋಗಕ್ಕೆ ಬೇಕು, ಒಳಗೆ ನುಣ್ಣಗಿರಬೇಕು, ತಳದಲ್ಲಿ ಒಂದು ತೂತಿರಬೇಕು ಅಂದರು. ಯಜಮಾನರು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಎರಡೂ ಒಂದೇ ಸೈಜಾ?"

"ಹೂಂ, ಎರಡೂ ಒಂದೇ."

"ತಾಳೆ ಆಗಿರ್ಬೇಕೋ, ಒಸಿ ಹೆಚ್ಚುಕಮ್ಮಿ ಆದ್ರೂ ನಡೀತದೋ?"

ಟೀಚರು ನನ್ನ ಮುಖ ನೋಡಿದರು. ನಾನು, ದೇವರು ಯಾರಿಗೂ ಪೂರಾ ತಾಳೆ ಮಾಡಿ ಕೊಟ್ಟಿರಲ್ಲ ಅಂತ ಹೇಳಹೋಗಿ ಕೆಮ್ಮಿದೆ.

ನಾಲ್ಕು ದಿನಕ್ಕೆ ಬಟ್ಟಲು ತಯಾರಾದವು. ಅರಗಿನ ಬಣ್ಣ ಹಾಕಿ ಮಿರಮಿರ ಮಿಂಚಿಸಿದ್ದರು. ಒಂದು ಕೆಂಪು, ಒಂದು ಹಳದಿ. ಟೀಚರು ಬಣ್ಣ ಯಾಕೆ ಹಾಕಿದಿರಿ ಅಂದಿದ್ದಕ್ಕೆ ಯಜಮಾನರು, "ಎಡಕ್ಕೊಂದು ಬಲಕ್ಕೊಂದು ಗುರ್ತು ಸಿಕ್ಲಿ ಅಂತ ಕಣಮ್ಮ" ಅಂದರು. ಅವರಿಗೆ ಎಷ್ಟು ಗೊತ್ತಾಗಿತ್ತೋ ನಮಗೆ ಇವತ್ತಿಗೂ ಗೊತ್ತಿಲ್ಲ.

ವಾಷರು

ಇನ್ನು ಪಂಪು. ಸೈಕಲ್ ಪಂಪಿನ ಒಳಗಿರುವ ಚರ್ಮದ ವಾಷರನ್ನು ತಿರುಗಿಸಿ ಹಾಕಿದರೆ ಅದು ಗಾಳಿ ತುಂಬುವ ಬದಲು ಗಾಳಿ ಎಳೆಯುತ್ತದೆ ಅಂತ ಟೀಚರು ವಿವರಿಸಿದರು. ಆದರೆ ಪಂಪು ಬಿಚ್ಚಲು ಅವರ ಕೈಲಾಗಲಿಲ್ಲ. ಸೈಕಲ್ ಶಾಪಿಗೆ ಹೋದೆವು. ಶಾಪಿನವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಟೀಚರೇ, ಗಾಳಿ ಹೊಡೆಯಾಕೆ ಪಂಪು ಬೇಕು ನಿಜ. ಗಾಳಿ ತೆಗೆಯಾಕೆ ಯಾರಾದ್ರೂ ಪಂಪು ತತ್ತಾರಾ? ನಿಮ್ ಸ್ಕೂಲ್ ಐಕಳ್ನ ಕೇಳಿ, ನಿಮ್ ಸೈಕಲ್ಲಿನ ಗಾಳೀನ ದಿನಾ ಬರೀ ಕಡ್ಡೀಲೇ ತೆಗೀತಾವೆ."

ಹಾಗಂದುಕೊಂಡೇ ವಾಷರು ತಿರುಗಿಸಿ ಹಾಕಿಕೊಟ್ಟ. ಎರಡು ವರ್ಷದಿಂದ ದಿನವೂ ಸಂಜೆ ತಮ್ಮ ಸೈಕಲ್ ಯಾಕೆ ಪಂಕ್ಚರ್ ಆಗುತ್ತೆ ಅಂತ ಟೀಚರಿಗೆ ಅವತ್ತು ತಿಳಿಯಿತು.

ಪರದೆಯ ಹಿಂದೆ

ಮೊದಲ ಮೂರು ವಾರ ಟೀಚರು ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಪಂಪು ಹೊಡೆದರು. ಶನಿವಾರ ಶನಿವಾರ ನನ್ನ ಹತ್ತಿರ ಅಳತೆ. ಮೊದಲ ವಾರ ಅರ್ಧ ಇಂಚು ಜಾಸ್ತಿ ಬಂತು. ಇಬ್ಬರಿಗೂ ಖುಷಿಯೋ ಖುಷಿ. ಎರಡನೇ ವಾರ ಶಾಲೆ ಮುಗಿಸಿ ತಡವಾಗಿ ಬಂದರು, ಆ ಅರ್ಧ ಇಂಚು ಇರಲಿಲ್ಲ. ಬರೀ ಬಾವು, ಬೆಳಿಗ್ಗೆ ಬಂದು ಸಂಜೆಗೆ ಇಳಿದುಹೋಗುತ್ತಿತ್ತು. ಟೀಚರ ಮುಖ ನೋಡಲಾರದೆ ಮೂರನೇ ವಾರ ನಾನು ಟೇಪನ್ನು ಒಂದಿಷ್ಟು ಸಡಿಲ ಬಿಟ್ಟು, ಕಾಲಿಂಚು ಹೆಚ್ಚಾಗಿದೆ ಅಂದುಬಿಟ್ಟೆ. ಅದು ನಾನು ಮಾಡಿದ ದೊಡ್ಡ ತಪ್ಪು. ನನ್ನ ಕಾಲಿಂಚು ನಂಬಿ ಅವರು ದಿನಕ್ಕೆ ಎರಡು ಹೊತ್ತು ಶುರು ಮಾಡಿದರು.

ನಾಲ್ಕನೇ ಶನಿವಾರ ಪಂಪು ಅಂಗಡಿಗೇ ತಂದರು. ಬಟ್ಟಲಿಗೆ ಹೊಸದಾಗಿ ಸೈಕಲ್ ಟ್ಯೂಬಿನ ವಾಲು ಕೂರಿಸಿದ್ದರು, ಎಳೆದ ಗಾಳಿ ಮತ್ತೆ ಒಳಗೆ ಬರದ ಹಾಗೆ. ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇರಲಿಲ್ಲ. ಪರದೆ ಎಳೆದು ಕೆಂಪು ಬಟ್ಟಲು ಇಟ್ಟುಕೊಂಡರು. ನಾನು ಪಂಪು ಹೊಡೆದೆ. ಹತ್ತು ಸಲ ಎಳೆದೆ, ಹದಿನೈದು ಸಲ ಎಳೆದೆ.

"ಸಾಕು ಅಕ್ಕ, ನೋಯ್ತಿದೆ. ಬಿಡಿಸಿ."

ಪೈಪು ಕಿತ್ತೆ. ಬಟ್ಟಲು ಬರಲಿಲ್ಲ. ಹಿಡಿದು ಎಳೆದೆ, ಟೀಚರೇ ಬಟ್ಟಲಿನ ಜೊತೆ ಮುಂದಕ್ಕೆ ಬಂದರು. ಗಾಳಿ ಒಳಗೆ ಬರದ ಹಾಗೆ ಮಾಡುವುದನ್ನು ಯೋಚಿಸಿದ್ದ ವಿಜ್ಞಾನದ ಟೀಚರು, ಗಾಳಿ ಒಳಗೆ ಬಿಡುವುದನ್ನು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಹೊರಗಡೆ, "ಏನಮ್ಮಿ, ಇದ್ದೀಯಾ ಒಳಗೆ?" ಅಂತ ದನಿ ಕೇಳಿತು. ಟೀಚರ ಅತ್ತೆ.

ಟೀಚರು ಗೋಡೆಗೆ ಅಂಟಿ ನಿಂತರು. ನಾನು ಪರದೆಯ ಸಂದಿನಿಂದ ತಲೆ ಮಾತ್ರ ಹೊರಗೆ ಹಾಕಿ, "ಅಳತೆ ತಗೀತಿದ್ದೀನಿ ಅಮ್ಮ, ಒಂದು ಗಳಿಗೆ" ಅಂದೆ. ಅವರು "ನಂಗೇನವಸ್ರ ಇಲ್ಲ ಕಣವ್ವ" ಅಂತ ಬೆಂಚಿನ ಮೇಲೆ ಕಾಲು ಚಾಚಿ ಕೂತರು. ಅವಸರ ಇಲ್ಲದ ಅತ್ತೆಗಿಂತ ಹೆದರಿಕೆಯ ವಸ್ತು ಇನ್ನೊಂದಿಲ್ಲ. ಮಿಷನ್ನಿಗೆ ಬಿಡುವ ಎಣ್ಣೆಯ ಡಬ್ಬಿ ಕೈಗೆ ಸಿಕ್ಕಿತು. ಬಟ್ಟಲಿನ ಸುತ್ತ ಎಣ್ಣೆ ಬಿಟ್ಟು, ಅಂಚಿನ ಕೆಳಗೆ ಬೆರಳು ತೂರಿಸಿ ಮೆಲ್ಲಗೆ ಎತ್ತಿದೆ. ಬೀದಿಗೆಲ್ಲ ಕೇಳುವ ಹಾಗೆ ಟಪ್ ಅಂತು.

ಹೊರಗಿನಿಂದ ಅತ್ತೆ ಕೇಳಿದರು, "ಗೋಲಿ ಸೋಡಾ ಒಡದ್ಯಾ ಅಮ್ಮಿ? ನಂಗೂ ಒಂದ್ ಕೊಡು, ಬಿಸ್ಲಲ್ಲಿ ಬಂದಿವ್ನಿ."

ರಾಮನಗರದ ಮೈಸೂರು ಪಾಕು

ಮಾರನೇ ದಿನ ಬಟ್ಟಲು ಕೂತಿದ್ದ ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ನೋವು. ಟೀಚರು ಹೆದರಿದರು, ನಾನು ಅವರಿಗಿಂತ ಹೆದರಿದೆ. ಚನ್ನಪಟ್ಟಣದ ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಸೋಮವಾರ ರಜಾ ಹಾಕಿಸಿ ರೈಲಿನಲ್ಲಿ ರಾಮನಗರಕ್ಕೆ ಕರೆದುಕೊಂಡು ಹೋದೆ.

ಲೇಡಿ ಡಾಕ್ಟರು ಗುರುತು ನೋಡಿದವರೇ ಬಾಗಿಲು ಹಾಕಿ ಬಂದು ಮೆಲ್ಲಗೆ ಕೇಳಿದರು, "ಗಂಡ ಹೊಡೀತಾರೇನಮ್ಮ? ಹೆದರಬೇಡ, ನನ್ನ ಹತ್ರ ಹೇಳು."

ಗಂಡನನ್ನು ಉಳಿಸಬೇಕಾದರೆ ನಿಜ ಹೇಳಲೇಬೇಕಾಯಿತು. ಟೀಚರು ಬಟ್ಟಲು, ವಾಷರು, ವಾಲು ಎಲ್ಲವನ್ನೂ ಪಾಠ ಮಾಡಿದ ಹಾಗೆ ಹೇಳಿದರು. ಡಾಕ್ಟರು ನನ್ನ ಕಡೆ ತಿರುಗಿ, "ನೀವು ಇವರಿಗೆ ಏನಾಗಬೇಕು?" ಅಂದರು.

"ನಾನು ಪಂಪು ಹೊಡೆಯೋಳು ಮೇಡಂ" ಅಂದೆ. ಬೇರೇನೂ ತೋಚಲಿಲ್ಲ.

ಡಾಕ್ಟರು ನಗು ತಡೆದುಕೊಂಡು ಮುಲಾಮು ಬರೆದರು. ಗಾಳಿ ಎಳೆದರೆ ರಕ್ತ ಕಟ್ಟಿಕೊಂಡು ಊದುತ್ತೆ, ಬೆಳೆಯಲ್ಲ, ಇನ್ನು ಮುಟ್ಟಬೇಡ ಅಂತ ಗಟ್ಟಿಯಾಗಿ ಹೇಳಿದರು. ಟೀಚರು ಅಲ್ಲೇ ಅತ್ತುಬಿಟ್ಟರು. ನೋವಿಗಲ್ಲ. "ನಾಲ್ಕು ಜನರ ಮುಂದೆ ನಕ್ಕರು ಮೇಡಂ" ಅಂದರು. ಆ ನಾಲ್ವರ ಜೊತೆ ನಕ್ಕ ಐದನೆಯವಳು ಪಕ್ಕದಲ್ಲೇ ಕೂತಿದ್ದೆ. ಆವತ್ತು ನಾಚಿಕೆಪಟ್ಟಷ್ಟು ನಾನು ಯಾವತ್ತೂ ಪಟ್ಟಿಲ್ಲ.

ನಾವು ಹೊರಗೆ ಬರುತ್ತಿದ್ದ ಹಾಗೇ ಎದುರಿಗೆ ಟೀಚರ ಯಜಮಾನರು. ಅವರು ಕೆಲಸ ಮಾಡುತ್ತಿದ್ದುದು ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಅನ್ನುವುದು ನಮ್ಮಿಬ್ಬರಿಗೂ ಮರೆತೇಹೋಗಿತ್ತು. ಅವರು ಹೆಂಡತಿಯನ್ನು ನೋಡಿದರು, ಹೆರಿಗೆ ಡಾಕ್ಟರ ಬೋರ್ಡು ನೋಡಿದರು, ಹೆಂಡತಿಯ ಒದ್ದೆ ಕಣ್ಣು ನೋಡಿದರು. ಅವರ ಮುಖ ಅರಳಿತು. "ಇಲ್ಲೇ ನಿಂತಿರಿ" ಅಂದವರೇ ಓಡಿಹೋಗಿ ಅರ್ಧ ಕೇಜಿ ಮೈಸೂರು ಪಾಕು ಕಟ್ಟಿಸಿಕೊಂಡು ಬಂದರು.

ಸ್ಟೇಷನ್ನಿನ ಬೆಂಚಿನ ಮೇಲೆ ಟೀಚರು ಎಲ್ಲ ಹೇಳಿದರು. ನಾನು ದೂರ ಹೋಗಲು ಎದ್ದೆ, ಅವರು ನನ್ನ ಸೆರಗು ಹಿಡಿದು ಕೂರಿಸಿದರು. ಯಜಮಾನರು ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು, "ನಾನು ದಿನಾ ಗೂಡು ನೋಡೋನು. ನೂಲು ನೋಡದೆ ದಪ್ಪ ಇದೆ ಅಂತ ಗೂಡು ತಗೊಳ್ಳೋನು ಮಾರ್ಕೆಟ್ಟಿಗೆ ಹೊಸಬ. ನಂಗೆ ನೀನು ಸರಿಯಾಗೇ ಇದ್ದೀಯ."

ಟೀಚರು ಮತ್ತೆ ಅತ್ತರು. ಆಗ ಯಜಮಾನರು ತೊಡೆಯ ಮೇಲಿದ್ದ ಪೊಟ್ಟಣ ನೋಡಿ, "ಇದನ್ನ ಮನೆಗೆ ತಗೊಂಡೋದ್ರೆ ಅಮ್ಮ ಯಾಕೆ ಅಂತ ಕೇಳ್ತಾಳೆ" ಅಂದರು. ರೈಲು ಬರಲು ಇಪ್ಪತ್ತು ನಿಮಿಷವಿತ್ತು. ಅರ್ಧ ಕೇಜಿಯನ್ನೂ ಮೂವರೂ ಕೂತು ತಿಂದು ಮುಗಿಸಿದೆವು. ಆ ತಿಂಗಳಲ್ಲಿ ಅಳತೆ ಹೆಚ್ಚಾಗಿದ್ದು ನನ್ನ ಸೊಂಟದ್ದೊಂದೇ.

ಬೆನ್ನು

ಪಂಪನ್ನು ಎಸೆಯಬೇಕಿತ್ತು. ಟೀಚರು ಎಸೆಯಲಿಲ್ಲ, ಶಾಲೆಗೆ ಕೊಟ್ಟರಾಯಿತು ಅಂತ ಅಟ್ಟದ ಮೇಲಿಟ್ಟರು. ಹುರುಳಿ ಚೀಲ ಹುಡುಕುತ್ತಿದ್ದ ಅತ್ತೆಯ ಕೈಗೆ ಸಿಕ್ಕಿತು.

"ಇದೇನ್ಲಾ ಮಗ, ಬಣ್ಣ ಬಣ್ಣವಾಗೈತೆ?"

ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಬೆನ್ನು ನೋವಿನ ಮಿಷನ್ನು ಕಣವ್ವ. ನಿನಗೇ ಅಂತ ನಿನ್ನ ಸೊಸೆ ಮಾಡಿರೋದು" ಅಂದುಬಿಟ್ಟರು.

ಅತ್ತೆ ಅಲ್ಲೇ ಬೋರಲು ಮಲಗಿದರು. ಈ ಸಲ ಟೀಚರು ಹುಷಾರಾಗಿ ನಾಲ್ಕೇ ಸಲ ಎಳೆದು, ಎಣ್ಣೆ ಬಿಟ್ಟು ಬಿಡಿಸಿದರು. ಅತ್ತೆಗೆ ಅದೆಷ್ಟು ಹಿತವಾಯಿತೋ, ಎದ್ದು ಕೂತು, "ಹತ್ತೊರ್ಸದ್ ನೋವು, ಬಟ್ಲಲ್ ಬಂದ್ಬುಡ್ತು" ಅಂದರಂತೆ. ಬಟ್ಟಲಿನ ಒಳಗೆ ನೋವು ಕಾಣುತ್ತದೇನೋ ಅಂತ ಬೆಳಕಿಗೆ ಹಿಡಿದು ನೋಡಿದರಂತೆ ಕೂಡ.

ಕನಕಪುರದ ಮದುವೆ

ಅದಾದ ಮೇಲೆ ಅವರ ನೆಂಟರದೊಂದು ಮದುವೆ ಕನಕಪುರದಲ್ಲಿತ್ತು. ಹೆಣ್ಣಿನ ಕಡೆಯ ರವಿಕೆಗಳೆಲ್ಲ ನಾನೇ ಹೊಲಿದಿದ್ದರಿಂದ ನನ್ನನ್ನೂ ಕರೆದಿದ್ದರು. ಟೀಚರ ಮಾವನವರೂ ಬಂದಿದ್ದರು. ಗಂಭೀರ ಮನುಷ್ಯ, ಪೂರ್ತಿ ಬೋಳುತಲೆ. ಆದರೆ ಆವತ್ತು ಜರಿ ಪೇಟ ಕಟ್ಟಿಕೊಂಡು, ಸೆಖೆಯಲ್ಲಿ ಬೆವರು ಇಳಿಯುತ್ತಿದ್ದರೂ ಬಿಚ್ಚದೆ ಕೂತಿದ್ದರು.

"ಏನಾಗಿದೆ ಅವರಿಗೆ?" ಅಂತ ಟೀಚರನ್ನು ಕೇಳಿದೆ. ಅವರು ಕಂಬದ ಹಿಂದಕ್ಕೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. ನೋವನ್ನೇ ಮೇಲಕ್ಕೆ ಎಳೆಯೋ ಮಿಷನ್ನು ಕೂದಲನ್ನು ಎಳೆಯಲ್ಲವಾ ಅಂತ ಮಾವನವರು ಬೆಳಿಗ್ಗೆ ಬಚ್ಚಲಿನಲ್ಲಿ ಒಬ್ಬರೇ ಕೂತು ಹಳದಿ ಬಟ್ಟಲನ್ನು ನೆತ್ತಿಯ ಮೇಲೆ ಹಾಕಿಕೊಂಡಿದ್ದರಂತೆ. ಮೂವತ್ತು ಸಲ ಪಂಪು ಹೊಡೆದಿದ್ದರಂತೆ.

ಊಟಕ್ಕೆ ಕೂತಾಗ ಅವರಿಗೆ ತಡೆಯಲಾಗಲಿಲ್ಲ. ಬೆವರು ಒರೆಸಿಕೊಳ್ಳಲು ಪೇಟ ತೆಗೆದರು. ನೆತ್ತಿಯ ನಟ್ಟನಡುವೆ ಕೈವಾರ ಇಟ್ಟು ಬರೆದ ಹಾಗೆ ದುಂಡಗಿನ ನೇರಳೆ ಚಕ್ರ. ಎದುರು ಪಂಕ್ತಿಯಲ್ಲಿದ್ದ ಹೆಣ್ಣಿನ ಕಡೆಯ ಮುದುಕಿಯೊಬ್ಬಳು ಕೈಯಲ್ಲಿದ್ದ ತುತ್ತು ಎಲೆಗೆ ಹಾಕಿ, ಕೈ ತೊಳೆದುಕೊಂಡು, ಬಂದು ನಿಂತಳು.

"ತಲೆ ಮೇಲೆ ಚಕ್ರ ಮೂಡದೆ. ಯಾವ ದೀಕ್ಷೆ ಸ್ವಾಮಿ ಇದು?"

ಮಾವನವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೂದಲಿನ ವಿಷಯ ಹೇಳುವುದಕ್ಕಿಂತ ಇದೇ ವಾಸಿ ಅನ್ನಿಸಿತೋ ಏನೋ, ಎಡಗೈ ಎತ್ತಿ, "ಒಳ್ಳೇದಾಗ್ಲಿ ತಾಯಿ" ಅಂದರು. ಬಲಗೈ ಎಂಜಲಾಗಿತ್ತು.

ಅತ್ತೆ ಪಕ್ಕದ ಎಲೆಯಲ್ಲೇ ಇದ್ದರು. ಗಂಡನಿಗೆ ಸಿಗುತ್ತಿದ್ದ ಮರ್ಯಾದೆ ಅವರಿಗೆ ಸಹಿಸಲಾಗಲಿಲ್ಲ.

"ಇವರ್ದೇನೈತೆ ಬುಡವ್ವ" ಅಂದರು. "ಇವ್ರಿಗೆ ದೀಕ್ಷೆ ಕೊಟ್ಟಿರೋ ಗುರುವು ಅಕಾ, ಅಲ್ಲಿ ಕಂಬದ್ ತಾವ ನಿಂತವಳೆ, ನನ್ ಸೊಸೆ."

ಮುದುಕಿ ಮಾವನವರನ್ನು ಅಲ್ಲೇ ಬಿಟ್ಟು, ಪಂಕ್ತಿ ದಾಟಿಕೊಂಡು ನೆಟ್ಟಗೆ ಬಂದು ಟೀಚರ ಕಾಲಿಗೆ ಬಿದ್ದಳು.