ಉಡುಪಿಯಲ್ಲಿ ಎಲ್ಲಿ?

ನನಗೆ ಸಿಟ್ಟು ಬರುವುದು ಕಡಿಮೆ. ಊರಿನ ಹೆಸರಿಗೆ ಯಾರಾದರೂ ಕೈ ಹಾಕಿದರೆ ಮಾತ್ರ ಮೈಯೆಲ್ಲ ಉರಿದುಹೋಗುತ್ತದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೂತು ಊರಿನ ಪರವಾಗಿ ಹಾರಾಡುವುದು ಸುಲಭ ನೋಡಿ, ಊರಿನವರು ಯಾರೂ ಕೇಳಿಸಿಕೊಳ್ಳುವುದಿಲ್ಲವಲ್ಲ!

ನನ್ನ ಹೆಂಡತಿ ವಸಂತಿ ಮನೆಯಲ್ಲೇ ಹುರಿದು ಮಾಡುವ ‘ಉಡುಪಿ ಸಾರಿನ ಪುಡಿ’ ಬೆಲ್‌ರೋಸ್‌ನ ಒಂದು ಇಂಡಿಯನ್ ಅಂಗಡಿಯಲ್ಲಿ ಮಾರಾಟಕ್ಕಿತ್ತು. ಹುರಿಯುವಾಗೆಲ್ಲ ಸ್ಮೋಕ್ ಅಲಾರ್ಮ್ ಕಿರುಚಿಕೊಂಡರೂ ಬಿಡದೆ ಅವಳು ಕಟ್ಟಿದ ವ್ಯಾಪಾರ ಅದು. ಕಳೆದ ತಿಂಗಳು ಅಂಗಡಿಯವರ ಫೋನು ಬಂತು: “ಅಂಕಲ್, ಕ್ವೀನ್ಸ್‌ನ ಒಂದು ಹೋಟೆಲಿನ ಭಟ್ರು ‘ಉಡುಪಿ’ ನಮ್ಮ ಟ್ರೇಡ್‌ಮಾರ್ಕ್ ಅಂತಿದ್ದಾರೆ. ನೀವು ಮಾತಾಡಿ ಬಗೆಹರಿಸುವ ತನಕ ನಿಮ್ಮ ಪ್ಯಾಕೆಟ್ ಶೆಲ್ಫಿನಲ್ಲಿ ಇಡೋಕಾಗಲ್ಲ.”

ಅಬ್ಬಬ್ಬಾ! ಉಡುಪಿ ಇವರದ್ದಂತೆ! ನಾಳೆ ಮೈಸೂರು ಪಾಕಿನಿಂದ ಮೈಸೂರನ್ನೂ ಮದ್ದೂರು ವಡೆಯಿಂದ ಮದ್ದೂರನ್ನೂ ಕಿತ್ತುಕೊಂಡರೆ ನಾವು ತಿನ್ನುವುದೇನನ್ನು? ವಸಂತಿ ಬಾಣಲೆ ಕೆಳಗಿಟ್ಟು ಒಲೆ ಆರಿಸಿಬಿಟ್ಟಳು. “ನೀನು ನೋಡ್ತಾ ಇರು ಮಾರಾಯ್ತಿ!” ಎಂದು ಆ ಭಟ್ಟರಿಗೇ ಫೋನ್ ಹಚ್ಚಿ, ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಆ ಬುದ್ಧಿ ಯಾಕೆ ಬಂತೋ!

“ಹುಟ್ಟಿ ಬೆಳೆದ ಊರಿನ ಹೆಸರು ಹಾಕಲು ನಿಮ್ಮ ಪರ್ಮಿಷನ್ ಬೇಕಾ? ನಾವು ಉಡುಪಿಯವರು!” ಎಂದು ಗುಡುಗಿದೆ.

“ಹೌದಾ ಮಾರಾಯ್ರೆ! ನಾವೂ ಉಡುಪಿಯವರೇ!” ಭಟ್ಟರ ದನಿ ತಟ್ಟನೆ ಮೆತ್ತಗಾಯಿತು. “ಉಡುಪಿಯಲ್ಲಿ ಎಲ್ಲಿ?”

ನಮ್ಮ ಕಡೆಯ ಇಬ್ಬರು ಸೇರಿದಲ್ಲಿ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಆವೇಶದಲ್ಲಿ ನನಗದು ಮರೆತೇ ಹೋಗಿತ್ತು.

“ಉಡುಪಿಯಿಂದ ಸ್ವಲ್ಪ ಈಚೆ,” ಎಂದೆ.

“ಈಚೆ ಅಂದ್ರೆ?”

“ಕಟಪಾಡಿ,” ಎಂದೆ, ಸಣ್ಣ ದನಿಯಲ್ಲಿ. “ನೀವು?”

ಭಟ್ಟರು ಕೆಮ್ಮಿದರು. “ನಾವು ಸ್ವಲ್ಪ ಆಚೆ. ಕುಂದಾಪುರ.”

ವಸಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಡುಪಿ ಪೇಟೆಯ ಕಲ್ಸಂಕದಲ್ಲೇ ಹುಟ್ಟಿ ಬೆಳೆದವಳು ಈ ಇಡೀ ವ್ಯಾಜ್ಯದಲ್ಲಿ ಅವಳೊಬ್ಬಳೇ. ಅವಳನ್ನು ಮಾತ್ರ ನಾವಿಬ್ಬರೂ ಒಂದು ಮಾತು ಕೇಳಿರಲಿಲ್ಲ. “ಭಟ್ರೇ, ಉಡುಪಿ ನೀವೇ ಇಟ್ಕೊಳ್ಳಿ ಪಾಪ. ನನಗೆ ಅದು ಪ್ಯಾಕೆಟ್ ಮೇಲೆ ಇಲ್ಲದಿದ್ದರೂ ಇದ್ದೇ ಇದೆ. ಪುಡಿ ಮಾಡುವವಳು ನಾನು, ನನ್ನ ಹೆಸರೇ ಹಾಕ್ತೇನೆ,” ಎಂದಳು. ಭಟ್ಟರು, “ನಮ್ಮ ಹೋಟೆಲಿಗೂ ಸ್ವಲ್ಪ ಕಳಿಸ್ತೀರಾ ಅಕ್ಕ?” ಎಂದರು.

ಈಗ ‘ವಸಂತಿ ಸಾರಿನ ಪುಡಿ’ ಭರ್ಜರಿಯಾಗಿ ಹೋಗುತ್ತಿದೆ. ಮೊನ್ನೆ ಪೆಟ್ಟಿಗೆ ಹೊತ್ತುಕೊಂಡು ಬೆಲ್‌ರೋಸ್‌ಗೆ ಹೋದಾಗ ಕ್ಯಾಶ್ ಕೌಂಟರಿನ ಹೊಸ ಹುಡುಗಿ, “ಯಾರು ಅಂಕಲ್ ನೀವು?” ಎಂದು ಕೇಳಿದಳು.

“ವಸಂತಿಯವರ ಗಂಡ,” ಎಂದೆ. ಅದರಲ್ಲಿ ಈಚೆ ಆಚೆ ಏನೂ ಇಲ್ಲ.