ಮಾವನ ಕೊಳಲು, ನನ್ನ ಇಂಗ್ಲಿಷು

ಕಿರ್ರ್ರ್... ತಗಡಿನ ಡಬ್ಬಿಯಲ್ಲಿ ಜೀರುಂಡೆ ಸಿಕ್ಕಿಕೊಂಡಂಥ ಸದ್ದು. ಅರವತ್ತರ ದಶಕದ ಕೊನೆಯಲ್ಲಿ, ಇತ್ತಲಾರು ಎಂಬ ಬೆಟ್ಟದೂರಿನ ನಮ್ಮ ಅಂಗಳದಲ್ಲಿ ಮೂವೀ ಕ್ಯಾಮೆರಾ ಓಡಿದ ಸದ್ದು ಅದು. ಈಗಲೂ ಫ್ರಿಜ್ ಕಿರ್ರೆಂದರೆ ಸೆರಗು ಸರಿಮಾಡಿಕೊಳ್ಳುತ್ತೇನೆ!

ವಿದೇಶದ ಟೆಲಿವಿಷನ್‌ನವರು ನೀಲಗಿರಿಯ ಮೇಲೆ ಡಾಕ್ಯುಮೆಂಟರಿ ಮಾಡಲು ಬಂದಿದ್ದರು. ಕಾಡಾಡು ಆಯಿತು, ಹಳೆಯ ಕಲ್ಲುಗೋರಿ ಆಯಿತು, ಇನ್ನು ಸಂಗೀತ ಬಾಕಿ. ಅದಕ್ಕೆ ನಮ್ಮ ಮಾವನ ಕೊಳಲೇ ಬೇಕಂತೆ. ಟೆಲಿವಿಷನ್ ಹೇಗಿರುತ್ತದೆಂದು ಹಟ್ಟಿಯಲ್ಲಿ, ಅಂದರೆ ನಮ್ಮೂರಲ್ಲಿ, ಯಾರೂ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ಆದರೆ ನಾನು ಊಟಿ ಕಾನ್ವೆಂಟಿನಲ್ಲಿ ಎಲೋಕ್ಯೂಷನ್ ಪ್ರೈಜ್ ಗೆದ್ದ ಸೊಸೆ. ಆದಕಾರಣ ಸಕಲ ಉಸ್ತುವಾರಿಯನ್ನೂ ಸ್ವಯಂ ವಹಿಸಿಕೊಂಡೆ.

"ಎನ್ನ ಅಪ್ಪ ಕಲಿಸಿದ ರಾಗ, ಅಮ್ಮಿ" ಎಂದರು ಮಾವ; ಸೊಸೆಯಾದ ನನ್ನನ್ನು ಅವರು ಕರೆಯುತ್ತಿದ್ದುದೇ ಅಮ್ಮಿ ಎಂದು. "ನೀವ್ಯಾರೂ ಕಲಿಯಲಿಲ್ಲ. ಆ ಪೆಟ್ಟಿಗೆಯೊಳಗಾದರೂ ಉಳಿಯಲಿ."

"ಡೋಂಟ್ ವರಿ ಮಾವ, ನಾನಿದ್ದೀನಲ್ಲ!"

ನಾನಿದ್ದದ್ದೇ ತೊಂದರೆ.

ಡೈರೆಕ್ಟರ್ ಥಾಮಸ್ ಸಾಹೇಬರಿಗೆ ಮೊದಲು ಮ್ಯಾನರ್ಸ್ ಪಾಠ ಮಾಡಿದೆ. ನಮ್ಮಲ್ಲಿ ಹಿರಿಯರ ಮುಂದೆ ಬಂದವರು ತಲೆ ಬಾಗಿಸಬೇಕು, ಅವರು ತಲೆ ಮುಟ್ಟಿ ಹರಸಿ ಮುಗಿಸುವವರೆಗೂ ಎತ್ತಬಾರದು. ವೆರಿ ಇಂಪಾರ್ಟೆಂಟ್!

ಪಾಪ, ಒಳ್ಳೆಯ ವಿದ್ಯಾರ್ಥಿ. ಕ್ಯಾಮೆರಾ ಕಿರ್ರೆಂದಿತು. ಸಾಹೇಬರು ಹ್ಯಾಟು ತೆಗೆದು ಬಾಗಿದರು. ಮಾವ ಕೊಳಲು ಕೆಳಗಿಟ್ಟರು. "ಒಂದು ಸಾವಿರವಾಗಲಿ, ಹಟ್ಟಿ ತುಂಬಲಿ, ಹಾಲು ಉಕ್ಕಲಿ, ನಡೆದ ದಾರಿ ಹೂವಾಗಲಿ..." ಹರಸುವುದನ್ನು ಅರ್ಧಕ್ಕೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಆಮೇಲೆ ಟೇಪ್ ರೆಕಾರ್ಡರಿನವನು ಬಾಗಿದ. ಅವನ ಹಿಂದೆ, ಶೂಟಿಂಗ್ ನೋಡಲು ಬಂದ ನೆರೆಹೊರೆಯವರೆಲ್ಲ ಬಾಗಿದರು. ಕುಂದಾ ಬಸ್ಸಿಗೂ ಅಂಥ ಕ್ಯೂ ಇರುತ್ತಿರಲಿಲ್ಲ. ರೀಲು ಮುಗಿಯಿತು!

ಇನ್ನೊಂದು ರೀಲು ಹಾಕಿದರು. ಮಾವ ಕೊಳಲನ್ನು ತುಟಿಗಿಟ್ಟರು. ಅಷ್ಟರಲ್ಲಿ ಬಂದರು, ಮಾವನ ಅಕ್ಕ! ಈಗ ಬಾಗುವ ಸರದಿ ಮಾವನದು. ಅಕ್ಕ ಮಾವನಿಗಿಂತ ಹಿರಿಯರು, ಹರಸುವುದೂ ಅದಕ್ಕೆ ತಕ್ಕಂತೆ. ದನ, ಕರು, ಆಲೂಗೆಡ್ಡೆ, ಟೀ ಎಲೆ, ಒಂದನ್ನೂ ಬಿಡಲಿಲ್ಲ.

"ದಟ್ ವಾಸ್ ದಿ ಲಾಸ್ಟ್ ರೋಲ್" ಎಂದು ಸಾಹೇಬರು ಮೆಟ್ಟಿಲ ಮೇಲೆ ಕುಸಿದರು. ಮಂಜೂ ಇಳಿಯಿತು. ಮಾವ ಕೊಳಲನ್ನು ಹೊದಿಕೆಯೊಳಗೆ ಸೇರಿಸಿದರು. ಅದನ್ನು ನೋಡಲು ನನ್ನಿಂದಾಗಲಿಲ್ಲ.

"ಫಿಲ್ಮ್ ಇಲ್ಲದಿದ್ದರೇನು, ಟೇಪ್ ಇದೆಯಲ್ಲ!" ಎಂದು ಕೂಗಿದೆ. ಸಾಹೇಬರ ಮುಖ ಅರಳಿತು. ಬೆಟ್ಟದ ಚಿತ್ರಗಳಿವೆ, ಅವುಗಳ ಹಿಂದೆ ಕೊಳಲು ಕೇಳಿಸಿದರಾಯಿತು. ವಾಟ್ ಎ ಬ್ರೇನ್, ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಮಾವ ಊದಿದರು. ಮಂಜಿನೊಳಗೆ ಆ ರಾಗ ನಿಧಾನವಾಗಿ ನಡೆದುಹೋಯಿತು. ಹಟ್ಟಿಯ ನಾಯಿಗಳೂ ಬೊಗಳಲಿಲ್ಲ.

ಬಳಿಕ ಟೇಪ್ ಹಿಂದಕ್ಕೆ ಸುತ್ತಿ ಕೇಳಿಸಿದರು. ಮೊದಲು ಕೇಳಿದ್ದು ಸ್ಪಷ್ಟವಾದ ಹೆಣ್ಣುದನಿ: "ದಿಸ್, ಮಿಸ್ಟರ್ ಥಾಮಸ್, ಈಸ್ ಎ ವೆರಿ ಏನ್ಷಿಯಂಟ್ ಟ್ಯೂನ್..." ಕೊನೆಯವರೆಗೂ ಅದೇ ದನಿ. ಹಿಂದೆ ಎಲ್ಲೋ ಕೊಳಲಿನಂಥದ್ದೊಂದು. ನಾಯಿಗಳು ಸುಮ್ಮನಿದ್ದವು, ನಾನು ಇರಲಿಲ್ಲ!

ಮಾವ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಮ್ಮಿ ಚೆನ್ನಾಗಿ ಊದಿದ್ದಾಳೆ! ಸರಿ, ಅದರ ಮೇಲೆ ಇನ್ನೊಮ್ಮೆ ಊದುತ್ತೇನೆ. ಮೊದಲು ಇವಳ ಬಾಯಿ ಮುಚ್ಚಿಸಿ."

ಅತಿಥಿಗಳಿಗೆಂದು ಕರಿದಿದ್ದ ಸಿಹಿ ಎಣ್ಣೆಹಿಟ್ಟಿನ ತಟ್ಟೆ ಹಿಡಿದು ಅತ್ತೆ ಬಂದರು. ಒಂದನ್ನು ಇಡಿಯಾಗಿ ನನ್ನ ಬಾಯಿಗೆ ತುರುಕಿದರು. ನನ್ನ ಉಪನ್ಯಾಸ ಅಳಿಸಿಹೋಗಿ, ಟೇಪಿನ ಮೇಲೆ ಕೊಳಲು ಕೂತಿತು, ಶುದ್ಧವಾಗಿ.

ಥಾಮಸ್ ಸಾಹೇಬರನ್ನು ನಾನು ಕೊನೆಯ ಸಲ ಕಂಡದ್ದು ಜೀಪಿನ ಪಕ್ಕದಲ್ಲಿ, ಮಾವನ ಮುಂದೆ ಬಾಗಿ ನಿಂತಿದ್ದಾಗ. ಕೂದಲಲ್ಲಿ ಮಂಜಿನ ಹನಿ, ತಲೆಯ ಮೇಲೆ ಮಾವನ ಕೈ. ಹರಸುವುದು ಮುಗಿದಾಗ ಸಾಹೇಬರು ಅರ್ಥಕ್ಕಾಗಿ ನನ್ನತ್ತ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

ಅತ್ತೆ ಇನ್ನೊಂದು ಎಣ್ಣೆಹಿಟ್ಟು ತುರುಕಿದರು!