ಎರಡು ಹಗ್ಗ, ಒಂದು ಭಜ್ಜಿ

ಪಾಠ ಮಾಡುವುದರಲ್ಲಿ ನನಗೆ ಅಳುಕೆಂಬುದೇ ಇಲ್ಲ. ಇದನ್ನು ಜಂಬ ಎನ್ನುವವರಿದ್ದಾರೆ. ಅವರಲ್ಲಿ ನನ್ನ ಹೆಂಡತಿಯೇ ಮೊದಲಿಗಳು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯೊಂದರಲ್ಲಿ ನಾಲ್ಕನೆಯ ತರಗತಿಯ ಮಾಸ್ತರ ನಾನು. ಬೋರ್ಡಿನ ಮೇಲೆ ಬರೆದು "ತಿಳೀತೇನು?" ಎಂದರೆ ಮಕ್ಕಳು "ತಿಳೀತ್ರೀ" ಎಂದು ಒಂದೇ ದನಿಯಲ್ಲಿ ಸುಳ್ಳು ಹೇಳುತ್ತಾರೆ. ಹಾಗಾಗಿ ತರಬೇತಿಯಲ್ಲಿ ‘ಗ್ರಾಫಿಕ್ ಆರ್ಗನೈಸರ್’ ಎಂಬ ದೊಡ್ಡ ಹೆಸರಿನ ಸಣ್ಣ ಉಪಾಯ ಕಲಿಸಿದಾಗ ನನಗದು ಹಿಡಿಸಿಬಿಟ್ಟಿತು. ತಿಳಿದದ್ದನ್ನು ಚಿತ್ರದ ಚೌಕ, ಸುತ್ತುಗಳೊಳಗೆ ಹಂಚಿ ಜೋಡಿಸುವುದು, ಅಷ್ಟೇ. ನಾನು ಅದನ್ನು ಕಾಗದದಿಂದ ನೆಲಕ್ಕೆ ಇಳಿಸಿದೆ. ಕಾರಣಗಳನ್ನು ಜೋಡಿಸಲು ಜೋಳದ ದಂಟು, ಹೋಲಿಸಲು ಹಗ್ಗದ ಸುತ್ತುಗಳು. ಹಗ್ಗ ಎಲ್ಲಿಯದು ಎಂದರೆ ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವುದು. "ಇನ್ನ ನಾನೊಬ್ಬಾಕಿ ಉಳದೇನಿ. ನನ್ನೂ ಒಯ್ದು ಜೋಡಿಸಿಬಿಡ್ರಿ" ಎಂದಳು ಹೆಂಡತಿ, ಹಸಿ ಸೀರೆಯನ್ನು ನನ್ನ ಮೋಟರ್‌ಸೈಕಲ್ಲಿನ ಮೇಲೆ ಹರವುತ್ತ.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರಿದ ಸಭೆಯಲ್ಲಿ ಎದ್ದು ನಿಂತು, "ಬರ್ರಿ, ನನ್ನ ಕ್ಲಾಸಿನಾಗ ಬಂದು ನೋಡ್ರಿ" ಎಂದುಬಿಟ್ಟೆ. ಹಿರಿಯರಾದ ಪಾಟೀಲ ಸರ್, "ಬರ್ತೇವ್ರಿ, ಖರೇನ ಬರ್ತೇವಿ" ಎಂದು ನಕ್ಕರು. ಪಾಠ ಕೆಟ್ಟರೆ ಆ ನಗು ಪ್ರತಿ ಸಭೆಗೂ ಚಹಾದ ಜೊತೆ ಬರುವುದು ಖಚಿತವಿತ್ತು. ನಾನು ಹೆದರಲಿಲ್ಲ. ಹೆದರಬೇಕಿತ್ತು.

ಅವರು ಬರುವ ದಿನ ಎಳ್ಳ ಅಮಾವಾಸ್ಯೆಯ ಮರುದಿನವಾಗಿತ್ತು. ಹಬ್ಬದಂದು ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯೆಂದು ಬುತ್ತಿಯ ಅನ್ನವನ್ನು ಹೊಲದ ತುಂಬ ಚರಗ ಚೆಲ್ಲಿ, ಬದುವಿನ ಮೇಲೆ ಹೋಗುವವರನ್ನೂ ಕೈಹಿಡಿದು ಕೂರಿಸಿ ಉಣ್ಣಿಸುತ್ತೇವೆ. ಬೇಡ ಎಂದರೆ ಜಗಳ. ನಾನೇ ಒಮ್ಮೆ ಒಂದು ಹೊಲ ದಾಟುವಷ್ಟರಲ್ಲಿ ಏಳಲಾರದಷ್ಟು ಉಂಡು ಅಲ್ಲೇ ಮಲಗಿದ್ದೇನೆ. ಹೀಗಾಗಿ ‘ನಮ್ಮ ಮನಿ ಹಬ್ಬದ ಊಟ’ ಎಂಬ ಪ್ರಾಜೆಕ್ಟ್ ಕೊಟ್ಟು, ಉಳಿದ ಅಡುಗೆಯನ್ನೇ ತರಲು ಹೇಳಿದೆ.

ನೆಲದ ಮೇಲೆ ಎರಡು ಹಗ್ಗದ ಸುತ್ತುಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಇಟ್ಟು, ಇಬ್ಬರು ಹುಡುಗಿಯರನ್ನು ಕರೆದೆ. ಎಡಕ್ಕೆ ಭಾಗ್ಯಶ್ರೀಯ ಮನೆಯಲ್ಲಿ ಮಾತ್ರ ಮಾಡಿದ್ದು, ಬಲಕ್ಕೆ ರೇಣುಕಾಳ ಮನೆಯಲ್ಲಿ ಮಾತ್ರ ಮಾಡಿದ್ದು, ನಡುವೆ ಇಬ್ಬರ ಮನೆಯದೂ. ಸಜ್ಜಿ ರೊಟ್ಟಿ, ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ನಡುವೆ ಕುಳಿತವು. ನನ್ನ ಎದೆ ಉಬ್ಬಿತು. ಆಮೇಲೆ ಭಾಗ್ಯಶ್ರೀ ತನ್ನ ಕಡಬನ್ನೂ ನಡುವೆಯೇ ಇಟ್ಟಳು.

"ಕಡಬು ನಿಮ್ಮ ಮನ್ಯಾಗಷ್ಟೇ ಮಾಡ್ಯಾರಲ್ಲ?"

"ಹೌದ್ರಿ ಸರ."

"ಮತ್ತ ನಿನ್ನ ಸುತ್ತಿನಾಗ ಇಡು."

"ಒಬ್ಬಾಕಿನೇ ಇಟ್ಕೊಂಡ್ರ ನಮ್ಮವ್ವ ಬೈತಾಳ್ರಿ."

ರೇಣುಕಾ ಅಷ್ಟರಲ್ಲಿ ಶೇಂಗಾ ಹೋಳಿಗೆಯನ್ನು ಅದರ ಪಕ್ಕಕ್ಕೆ ಸರಿಸಿದ್ದಳು. ನಾನು ಎತ್ತಿ ಬಲಕ್ಕಿಟ್ಟರೆ ಅವಳು ಎತ್ತಿ ನಡುವೆ ಇಟ್ಟಳು. ಇಡೀ ತರಗತಿ ನನ್ನನ್ನು ಜಿಪುಣನನ್ನು ನೋಡುವಂತೆ ನೋಡತೊಡಗಿತು. ಹೊರಗೆ ಮೋಟರ್‌ಸೈಕಲ್ಲುಗಳು ನಿಂತ ಸದ್ದು ಕೇಳಿಸಿತು. ಕೊನೆಯ ಉಪಾಯವೆಂದು ಎಡಗಡೆಯ ಖಾಲಿ ಸುತ್ತಿನೊಳಗೆ ನಾನೇ ಹೋಗಿ ನಿಂತೆ.

"ನೋಡ್ರಿ, ನಾ ಇಲ್ಲಿ ಅಷ್ಟೇ ಅದೇನಿ. ಅಲ್ಲಿ ಇಲ್ಲ, ನಡುವನೂ ಇಲ್ಲ. ‘ಮಾತ್ರ’ ಅಂದ್ರ ಇದು. ತಿಳೀತೇನು?"

ಮಕ್ಕಳು "ತಿಳೀತ್ರೀ" ಎನ್ನಲಿಲ್ಲ. ಅವರ ಮುಖದಲ್ಲಿ ಕನಿಕರ ಕಂಡಿತು. ಭಾಗ್ಯಶ್ರೀ ಬಂದು ನನ್ನ ಕೈ ಹಿಡಿದಳು. "ಒಬ್ರೇ ಯಾಕ ನಿಂತೀರಿ ಸರ, ಬರ್ರಿ ಉಣ್ಣಾಕ." ರೇಣುಕಾ ಇನ್ನೊಂದು ಕೈ ಎಳೆದಳು. ಬೇಡ ಎಂದರೆ ಜಗಳವೆಂದು ನನಗೆ ಗೊತ್ತಿಲ್ಲವೇ? ಮೇಲಾಗಿ ಮರುದಿನದ ಭಜ್ಜಿಯ ರುಚಿ ಬೇರೆಯೇ. ಹೋಗಿ ನಡುವೆ ಕುಳಿತೆ.

ಪಾಟೀಲ ಸರ್ ಒಳಗೆ ಬಂದಾಗ ನನ್ನ ಬಾಯಿ ತುಂಬಿತ್ತು. ಅವರು ಖಾಲಿ ಸುತ್ತುಗಳನ್ನು ನೋಡಿ ಮಕ್ಕಳನ್ನೇ ಕೇಳಿದರು: "ಇದರಾಗ ಏನಿಡ್ತಾರವಾ?"

"ಬ್ಯಾರೆ ಇದ್ದದ್ದು ಇಡ್ತಾರ್ರಿ" ಎಂದಳು ರೇಣುಕಾ. "ನಮ್ಮ ಸರ ಇದ್ದರ್ರಿ. ಈಗ ನಮ್ಮ ಕೂಡ ಬಂದಾರ."

ಪಾಟೀಲ ಸರ್ ಚಪ್ಪಲಿ ಬಿಟ್ಟು ಹಗ್ಗ ದಾಟಿ ನನ್ನ ಪಕ್ಕ ಕುಳಿತರು. "ಮಾಸ್ತರ, ಪಾಠ ಚಲೋ ಆಗ್ಯಾದ" ಎಂದು ರೊಟ್ಟಿ ಮುರಿದರು. ನಾನು ಆತ್ಮವಿಶ್ವಾಸದಿಂದಲೇ ತಲೆಯಾಡಿಸಿದೆ. ಆ ದಿನ ‘ಮಾತ್ರ’ದ ಸುತ್ತಿನಲ್ಲಿ ಸರಿಯಾಗಿ ನಿಂತಿದ್ದ ಒಂದೇ ಒಂದು ವಸ್ತು ನಾನಾಗಿದ್ದೆ. ಅದನ್ನೂ ಮಕ್ಕಳು ತಿದ್ದಿಬಿಟ್ಟಿದ್ದರು.